ಅವ್ವನ ಖರ್ಚು

ಹೆತ್ತವರು ಬಿಟ್ಟು ಹೋದ ಮಕ್ಕಳ ಕಥೆ ಅಂದ ತಕ್ಷಣ ನಮ್ಮ ಕಡೆ ಜನ ಕಣ್ಣೊರೆಸಿಕೊಳ್ಳಲು ತಯಾರಾಗುತ್ತಾರೆ. ನನಗೆ ಅಂಥ ಕಥೆಗಳಲ್ಲಿ ನಗು ಬರುತ್ತದೆ. ಸತ್ತವರ ಮನೆಗೆ ಮಾತಾಡಿಸಲು ಹೋದಾಗ ಯಾರೋ ಕಾಕಾ ಚಹಾಕ್ಕೆ ಸಕ್ಕರೆ ಕಡಿಮೆ ಅಂತ ಮುಖ ಕಿವುಚುತ್ತಾರೆ ನೋಡಿ, ಆಗ ತುಟಿ ಕಚ್ಚಿ ತಡೆಯಬೇಕಾಗುತ್ತದಲ್ಲ, ಆ ಥರದ ನಗು. ಧಾರವಾಡದಲ್ಲಿರುವ ನನ್ನ ಗೆಳೆಯನಿಗೆ ಇದು ಒಂಚೂರೂ ಹಿಡಿಸುವುದಿಲ್ಲ. "ಬಡವರ ಮಕ್ಕಳ ಕಷ್ಟ ನಿನಗ ನಗಾಕ ಬೇಕಾತೇನು?" ಅನ್ನುತ್ತಾನೆ. ಪ್ರಶ್ನೆ ಸರಿಯಾಗಿಯೇ ಇದೆ. ಈ ಬರಹದ ಅರ್ಧ ಅವನಿಗೆ ಕೊಡುತ್ತಿರುವ ಉತ್ತರ ಅಂದುಕೊಳ್ಳಿ.

ವಿಷಯ ಏನಪ್ಪಾ ಅಂದರೆ, ನಾನೂ ಅಂಥದೊಂದು ಕಥೆ ಬರೆಯುತ್ತಿದ್ದೇನೆ. ಹಳೇ ಹುಬ್ಬಳ್ಳಿಯ ಒಂದು ಚಾಳು. ಮೂವರು ಮಕ್ಕಳು. ಅಕ್ಕನಿಗೆ 13, ತಮ್ಮನಿಗೆ 10, ಸಣ್ಣವಳಿಗೆ 5. ಅಪ್ಪ ಮೊದಲೇ ಎಲ್ಲಿಗೋ ಹೋಗಿದ್ದಾನೆ, ಅವನ ಸುದ್ದಿ ಯಾರೂ ಎತ್ತುವುದಿಲ್ಲ. ಅವ್ವ ಒಂದು ಸೋಮವಾರ, "ಗೋವಾಕ್ಕ ಹೋಗಿ ಐತಾರ ಬರ್ತೀನಿ" ಅಂತ ಹೇಳಿ ಚೀಲ ಹಿಡಿದು ಹೋಗುತ್ತಾಳೆ. ಯಾವ ಐತಾರ ಅಂತ ಮಕ್ಕಳು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಕಥೆಯನ್ನು ಯಾರು ಹೇಳಬೇಕು ಅನ್ನುವುದೇ ನನ್ನ ತಲೆನೋವು.

ಪ್ರಯೋಗದ ಕಥೆ ಅಂದರೆ ನನಗೂ ಸ್ವಲ್ಪ ಅಲರ್ಜಿ. ಅರ್ಧ ಪುಟ ಖಾಲಿ ಬಿಡುವುದು, ಪೂರ್ಣವಿರಾಮ ತೆಗೆದುಬಿಡುವುದು, ಕೊನೆಯನ್ನು ಮೊದಲು ಬರೆಯುವುದು, ಇದೆಲ್ಲ ಬಹಳ ಸಲ ಸುಮ್ನೆ ಶೋಕಿ. ಆದರೆ ಮಕ್ಕಳೇ ಉಳಿದಿರುವ ಮನೆಯ ಕಥೆಯಲ್ಲಿ ಅದು ಶೋಕಿ ಆಗುವುದಿಲ್ಲ. ಮಕ್ಕಳ ಕಥೆಯನ್ನು ಸಾಮಾನ್ಯವಾಗಿ ಹೇಳುವವರು ಯಾರು? ಮನೆಯಲ್ಲಾದರೆ ಅಜ್ಜಿ, ಪುಸ್ತಕದಲ್ಲಾದರೆ ಎಲ್ಲ ಬಲ್ಲ ಲೇಖಕರು. ಇಬ್ಬರೂ ದೊಡ್ಡವರೇ. ದೊಡ್ಡವರೆಲ್ಲ ಎದ್ದು ಹೋದ ಮನೆಯಲ್ಲಿ ಕಥೆ ಹೇಳುವವರೂ ಎದ್ದು ಹೋಗಿರುತ್ತಾರೆ. ಉಳಿದ ಮಕ್ಕಳಿಗೆ ಗೊತ್ತಿರುವ ಬರವಣಿಗೆ ಅಂದರೆ ಶುದ್ಧಬರಹ, ರಜೆ ಅರ್ಜಿ, ಹಾಜರಿ, ಅಂಗಡಿಯ ಉದ್ರಿ ಪುಸ್ತಕ. ಏನು ಹೇಳಬೇಕಾದರೂ ಅದರಲ್ಲೇ ಹೇಳಬೇಕು. ಬೇರೆ ದಾರಿಯೇ ಇಲ್ಲ.

ಇದನ್ನು ನನಗಿಂತ ಬಹಳ ಮೊದಲು ಕಂಡುಕೊಂಡವರು ಅಗೋತಾ ಕ್ರಿಸ್ತೋಫ್. ಹಂಗೇರಿಯವರು. 1956ರಲ್ಲಿ ಹಸುಗೂಸನ್ನು ಎತ್ತಿಕೊಂಡು ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರು. ಅಲ್ಲಿ ಗಡಿಯಾರದ ಕಾರ್ಖಾನೆಯಲ್ಲಿ ದುಡಿದರು. ದೊಡ್ಡವರಾದ ಮೇಲೆ ಕಲಿತ ಫ್ರೆಂಚ್ ಭಾಷೆಯಲ್ಲಿ ಬರೆದರು. ಅವರ ಮೊದಲ ಕಾದಂಬರಿ 'ಲ ಗ್ರಾಂ ಕಾಯೆ' 1986ರಲ್ಲಿ ಬಂತು. ಹೆಸರೇ ಹೇಳುವ ಹಾಗೆ ಅದು ಒಂದು ದೊಡ್ಡ ನೋಟ್‌ಬುಕ್. ಯುದ್ಧಕಾಲದಲ್ಲಿ ತಾಯಿಯೊಬ್ಬಳು ಅವಳಿ ಗಂಡುಮಕ್ಕಳನ್ನು ಸಣ್ಣ ಊರೊಂದರ ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾಳೆ. ಅಜ್ಜಿ ಅಂದರೆ ನಮ್ಮ ಕಲ್ಪನೆಯ ಅಜ್ಜಿ ಅಲ್ಲ, ಊರವರು ಅವಳನ್ನು ಮಾಟಗಾತಿ ಅನ್ನುತ್ತಾರೆ. ಹುಡುಗರಿಗೆ ಹೆಸರಿಲ್ಲ. ಇಡೀ ಪುಸ್ತಕದಲ್ಲಿ ಅವರು ಬರೀ 'ನಾವು'.

ಈ ಹುಡುಗರು ತಮಗೆ ತಾವೇ ಶಾಲೆ ನಡೆಸಿಕೊಳ್ಳುತ್ತಾರೆ. ಒಬ್ಬರನ್ನೊಬ್ಬರು ಹೊಡೆದುಕೊಂಡು ನೋವು ತಡೆಯುವುದನ್ನು ಕಲಿಯುತ್ತಾರೆ. ಬೈದುಕೊಂಡು ಬೈಗುಳ ನಾಟದ ಹಾಗೆ ಮಾಡಿಕೊಳ್ಳುತ್ತಾರೆ. ಉಪವಾಸ ಮಾಡುತ್ತಾರೆ. ಕುರುಡ, ಕಿವುಡರಾಗಿ ಇರುವುದನ್ನು ರೂಢಿಸಿಕೊಳ್ಳುತ್ತಾರೆ. ಪ್ರಬಂಧವನ್ನೂ ಬರೆಯುತ್ತಾರೆ, ಒಬ್ಬನದನ್ನು ಇನ್ನೊಬ್ಬ ತಿದ್ದುತ್ತಾನೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ ಇದೆ. ಕಂಡದ್ದು, ಕೇಳಿದ್ದು, ಮಾಡಿದ್ದು ಮಾತ್ರ ಬರೆಯಬೇಕು. ಅಜ್ಜಿ ಮಾಟಗಾತಿಯಂಥವಳು ಅಂತ ಬರೆಯುವ ಹಾಗಿಲ್ಲ, ಜನ ಅವಳನ್ನು ಮಾಟಗಾತಿ ಅನ್ನುತ್ತಾರೆ ಅಂತ ಬರೆಯಬಹುದು. ಅಕ್ರೋಟು ನಮಗೆ ಇಷ್ಟ ಅನ್ನುವಂತಿಲ್ಲ, ಅಕ್ರೋಟು ಬಹಳ ತಿನ್ನುತ್ತೇವೆ ಅನ್ನಬೇಕು. ಇಷ್ಟ ಅನ್ನುವುದಕ್ಕೆ ಖಾತರಿ ಇಲ್ಲವಂತೆ.

ಒಂದು ಕಡೆ ಅವರು ಭಿಕ್ಷೆ ಬೇಡುವ ಅಭ್ಯಾಸ ಮಾಡುತ್ತಾರೆ. ಹೊಟ್ಟೆಗಲ್ಲ, ಬೇಡುವುದು ಹೇಗಿರುತ್ತದೆ ಅಂತ ತಿಳಿಯಲು. ಸಿಕ್ಕ ತಿಂಡಿ, ದುಡ್ಡನ್ನೆಲ್ಲ ದಾರಿಯಲ್ಲಿ ಎಸೆದುಬಿಡುತ್ತಾರೆ. ಆದರೆ ಒಬ್ಬಾಕೆ ತಲೆ ಸವರಿದ್ದಳು. ಅದನ್ನು ಎಸೆಯಲು ಆಗಲಿಲ್ಲ ಅಂತ ವರದಿ ಬರೆಯುತ್ತಾರೆ. ಅಷ್ಟೇ. ಮುಂದಿನ ಅಧ್ಯಾಯ. ಅಳು ಬರಿಸಲು ಬೇರೆಯವರು ಹತ್ತು ಪುಟ ತೆಗೆದುಕೊಳ್ಳುವ ಕಡೆ ಕ್ರಿಸ್ತೋಫ್ ಒಂದು ಸಾಲಿನ ಲೆಕ್ಕ ಕೊಟ್ಟು ಎದ್ದು ಹೋಗುತ್ತಾರೆ. ಕೊನೆಗೊಮ್ಮೆ ತಾಯಿ ಮಕ್ಕಳನ್ನು ಕರೆದೊಯ್ಯಲು ಬರುತ್ತಾಳೆ. ಮಕ್ಕಳು ಒಲ್ಲೆ ಅನ್ನುತ್ತಾರೆ. ಇಲ್ಲೇ ಇರುತ್ತೇವೆ ಅನ್ನುತ್ತಾರೆ. ಆ ಜಾಗದಲ್ಲಿ ನನಗೆ ನಗುವೂ ಬಂತು, ಹೊಟ್ಟೆಯೂ ತೊಳಸಿತು. ಎರಡೂ ಒಟ್ಟಿಗೇ.

ಇಂಗ್ಲೆಂಡಿನ ಇಯಾನ್ ಮೆಕ್‌ಇವಾನ್‌ರ ಮೊದಲ ಕಾದಂಬರಿ 'ದ ಸಿಮೆಂಟ್ ಗಾರ್ಡನ್' 1978ರದು. ಅಪ್ಪ ಮನೆಯ ಕೈತೋಟಕ್ಕೆಲ್ಲ ಸಿಮೆಂಟು ಬಳಿಯುತ್ತೇನೆ ಅಂತ ಮೂಟೆಗಟ್ಟಲೆ ತರಿಸುತ್ತಾನೆ, ಕೆಲಸದ ನಡುವೆಯೇ ಬಿದ್ದು ಸಾಯುತ್ತಾನೆ. ಮುಂದೆ ಅವ್ವನೂ ಕಾಯಿಲೆಯಿಂದ ಸಾಯುತ್ತಾಳೆ. ನಾಲ್ಕು ಮಕ್ಕಳಲ್ಲಿ ದೊಡ್ಡ ಮೂವರು ಅವಳನ್ನು ನೆಲಮಾಳಿಗೆಯ ಟ್ರಂಕಿನಲ್ಲಿಟ್ಟು ಮೇಲೆ ಸಿಮೆಂಟು ಸುರಿಯುತ್ತಾರೆ. ಅಪ್ಪ ತರಿಸಿದ ಸಿಮೆಂಟು ಅಂತೂ ದಂಡವಾಗಲಿಲ್ಲ! ಅಲ್ಲಿಯ ವಾಸನೆ, ಸೆಖೆ, ನೊಣ, ಅಕ್ಕನ ಗೆಳೆಯ ಬಂದು 'ಕೆಳಗೆ ಏನಿದೆ' ಅಂತ ಕೇಳುವುದು, ಇವರು ನಾಯಿ ಹೂತಿದ್ದೇವೆ ಅನ್ನುವುದು, ಇದೆಲ್ಲ ನಮ್ಮ ಬೇಸಿಗೆಯಲ್ಲಿ ಕೂತು ಓದಬಾರದ ಪುಸ್ತಕ. ಆದರೆ ಅವರು ಹಾಗೆ ಮಾಡಿದ್ದಕ್ಕೆ ಕಾರಣ ಬಹಳ ಸಾದಾ. ಅವ್ವ ಸತ್ತ ಸುದ್ದಿ ಹೊರಗೆ ಬಿದ್ದರೆ ಸರ್ಕಾರದವರು ಬಂದು ನಾಲ್ವರನ್ನೂ ಬೇರೆ ಬೇರೆ ಮಾಡುತ್ತಾರೆ. ಅದೊಂದೇ ಭಯ.

ಜಪಾನಿನ ಕೊರೆಯೆದಾ 2004ರಲ್ಲಿ ಮಾಡಿದ ಸಿನಿಮಾ 'ನೋಬಡಿ ನೋಸ್' ಅನ್ನೂ ಇದರ ಜೊತೆ ಇಡಬಹುದು. ಟೋಕಿಯೋದಲ್ಲಿ 1988ರಲ್ಲಿ ಬೆಳಕಿಗೆ ಬಂದ ನಿಜ ಘಟನೆ ಅದರ ಬುಡದಲ್ಲಿದೆ. ತಾಯಿ ಒಂದಿಷ್ಟು ದುಡ್ಡು, ಒಂದು ಚೀಟಿ ಇಟ್ಟು ಹೋಗುತ್ತಾಳೆ. ಹಿರಿಯ ಹುಡುಗ ಮನೆ ನಡೆಸುತ್ತಾನೆ. ಆ ಪಾತ್ರ ಮಾಡಿದ ಹುಡುಗನಿಗೆ 14ನೇ ವಯಸ್ಸಿಗೆ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸಿನಿಮಾ ಚೆನ್ನಾಗಿದೆ, ನೋಡಿ. ಅದರಲ್ಲಿ ನಗು ಕಡಿಮೆ, ಹಾಗಾಗಿ ಗೆಳೆಯನಿಗೆ ಅದೊಂದು ಇಷ್ಟ.

ಸರಿ, ಇದನ್ನೆಲ್ಲ ಹುಬ್ಬಳ್ಳಿಗೆ ಹೇಗೆ ತರುವುದು? ಹಾಗೇ ತಂದರೆ ಆಗುವುದಿಲ್ಲ. ಚಾಳಿನಲ್ಲಿ ನೆಲಮಾಳಿಗೆ ಎಲ್ಲಿಂದ ಬರಬೇಕು? ಒಂದು ಗೋಡೆ ಎರಡು ಮನೆಗೆ. ಒಂದು ನಳ ಆರು ಮನೆಗೆ. ನೀರು ಬರುವ ದಿನ ಕೊಡ ಹಿಡಿದು ನಿಲ್ಲದ ಮನೆಯವರನ್ನು ಹತ್ತು ಜನ ವಿಚಾರಿಸುತ್ತಾರೆ. ಬಾಜೂ ಮನೆ ಕಾಕುಗೆ ನಿಮ್ಮ ಮನೆ ಸಾರಿಗೆ ಉಪ್ಪು ಹೆಚ್ಚಾದದ್ದೂ ಗೊತ್ತಿರುತ್ತದೆ. ಇಂಥ ಕಡೆ ಹೆಣ ಮುಚ್ಚಿಡುವುದು ಕನಸಿನ ಮಾತು. ಮುಚ್ಚಿಡಬಹುದಾದದ್ದು ಗೈರುಹಾಜರಿ ಮಾತ್ರ. ನಮ್ಮ ಮಕ್ಕಳು ಸತ್ತ ಅವ್ವನನ್ನು ಹೂಳಬೇಕಾಗಿಲ್ಲ, ಇಲ್ಲದ ಅವ್ವನನ್ನು ದಿನಾ ಬದುಕಿಸಬೇಕು. ಇದು ಹೊಳೆದ ಮೇಲೆ ನನ್ನ ಕಥೆಗೆ ಕಾಲು ಬಂತು.

ಬದುಕಿಸುವುದು ಹೇಗೆ? ಬೆಳಿಗ್ಗೆ ಐದೂವರೆಗೆ ಅಕ್ಕ ಎದ್ದು ಅವ್ವನ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದುತ್ತಾಳೆ. ಹಿಂಡುತ್ತಾಳೆ. ಕೈ ಸಾಲುವುದಿಲ್ಲ, ಒಂದು ತುದಿ ತಮ್ಮ ಹಿಡಿಯಬೇಕು. ಇಬ್ಬರೂ ಎದುರುಬದುರು ನಿಂತು ತಿರುವುತ್ತಾರೆ. ನೀರು ಸೋರುವ ಸೀರೆಯನ್ನು ಹೊರಗಿನ ಹಗ್ಗಕ್ಕೆ ಹಾಕುತ್ತಾರೆ. ಸಂಜೆ ಒಣಗಿದ್ದನ್ನು ತಂದು ಮಡಚುತ್ತಾರೆ. ಯಾರೂ ಉಡದ ಸೀರೆ ದಿನಾ ಒಗೆಯಲ್ಪಟ್ಟು ಬಣ್ಣ ಬಿಡುತ್ತಾ ಹೋಗುತ್ತದೆ. ಅವ್ವ ಬಿಟ್ಟು ಹೋಗಿದ್ದು ಮೂರೇ ಸೀರೆ, ನೀಲಿ, ಹಸಿರು, ಕಂದು. ಸರದಿ ಪ್ರಕಾರ ಅವೇ ತಿರುಗುತ್ತವೆ. ಒಂದು ದಿನ ಕಾಕು ಕೇಳುತ್ತಾಳೆ.

"ಯಾಕವಾ, ನಿಮ್ಮವ್ವ ಬರೇ ಮೂರ ಸೀರೀ ಉಡ್ತಾಳೇನು?"

"ಹೌದ್ರೀ ಕಾಕು. ಉಳದದ್ದು ಮದವಿಗಂತ ಇಟ್ಟಾಳ."

"ಯಾರ ಮದವಿಗೆ?"

"ನನ್ನ ಮದವಿಗೆ."

"ಎಲ್ಲಿ ಅಕಿ, ಕಾಣವಲ್ಲಳು?"

"ಒಳಗ ಮಲಗ್ಯಾಳ್ರಿ. ತಲಿ ನೂಸಾಕತ್ತೈತಿ."

ತಲೆನೋವು ಅಂತ ಒಮ್ಮೆ ಹೇಳಿದ ಮೇಲೆ ಅದಕ್ಕೆ ಸಾಕ್ಷಿ ಬೇಕು. ಹಾಗಾಗಿ ತಮ್ಮ ಕಿರಾಣಿ ಅಂಗಡಿಗೆ ಹೋಗಿ ಉದ್ರಿಯಲ್ಲಿ ಗುಳಿಗಿ ತರುತ್ತಾನೆ. ಅಂಗಡಿ ಪುಸ್ತಕದ ಜೊತೆಗೆ ಮನೆಯಲ್ಲೂ ಒಂದು ಲೆಕ್ಕದ ನೋಟ್‌ಬುಕ್ ಇಡುತ್ತಾರೆ. ಅದೇ ನನ್ನ ಕಥೆಯ ಮುಖ್ಯ ಅಧ್ಯಾಯ. ಮೇಲೆ ಗೆರೆ ಎಳೆದು ಎರಡು ಭಾಗ ಮಾಡಿದ್ದಾರೆ: 'ನಮ್ಮ ಖರ್ಚು', 'ಅವ್ವನ ಖರ್ಚು'. ನಮ್ಮ ಖರ್ಚಿನಲ್ಲಿ ಚುನಮರಿ, ಪುಟಾಣಿ, ಕಡ್ಡಿಪೆಟಗಿ, ಗಿರಣಿಗೆ ಜೋಳ ಬೀಸಿಸಿದ್ದು. ಅವ್ವನ ಖರ್ಚಿನಲ್ಲಿ ತಲೆನೋವಿನ ಗುಳಿಗಿ, ಕುಂಕುಮ, ಸೀರೆ ತೊಳೆಯುವ ಸಬಕಾರ, ಶುಕ್ರವಾರ ಒಂದು ಮೊಳ ಮಲ್ಲಿಗೆ. ತಿಂಗಳ ಕೊನೆಗೆ ಕೂಡಿಸಿದರೆ ಇಲ್ಲದ ಅವ್ವ ಇರುವ ಮೂವರಿಗಿಂತ ತುಟ್ಟಿ.

ಆಗ ಮೂವರೂ ದೀಪದ ಕೆಳಗೆ ಕೂತು ಮೀಟಿಂಗ್ ಮಾಡುತ್ತಾರೆ. ಸಣ್ಣವಳು ಎಲ್ಲಕ್ಕಿಂತ ಸುಲಭದ ಉಪಾಯ ಹೇಳುತ್ತಾಳೆ.

"ಅವ್ವನ್ನ ಸಾಯಿಸಿಬಿಡೂಣು."

ತಮ್ಮ ಪೆನ್ಸಿಲ್ ತುದಿ ಕಡಿಯುತ್ತಾ ಲೆಕ್ಕ ಹಾಕುತ್ತಾನೆ. "ಬ್ಯಾಡ. ಸತ್ರ ದಿನ ಮಾಡಬೇಕಾಕ್ಕೈತಿ. ಊರ ಮಂದಿಗೆಲ್ಲಾ ಊಟ ಹಾಕಬೇಕು. ಗುಳಿಗೀನ ಸಸ್ತಾ."

ಠರಾವು ಬರೆಯುತ್ತಾರೆ: ಅವ್ವ ಸದ್ಯಕ್ಕೆ ಬದುಕಿರತಕ್ಕದ್ದು. ಮಲ್ಲಿಗೆ ಬಂದ್.

ಈ ಪುಟ ಓದಿಯೇ ಗೆಳೆಯ ಸಿಟ್ಟಾದದ್ದು. ಮಕ್ಕಳು ಹಾಗೆ ಮಾತಾಡುವುದಿಲ್ಲ ಅಂತ. ನನ್ನ ಅಭಿಪ್ರಾಯ ಬೇರೆ. ಮಕ್ಕಳು ಹಾಗೇ ಮಾತಾಡುತ್ತಾರೆ, ದೊಡ್ಡವರು ಬಂದ ಕೂಡಲೇ ಬೇರೆ ಥರ ಮಾತಾಡುತ್ತಾರೆ, ಅಷ್ಟೇ. ಜವಾಬ್ದಾರಿ ಹೊತ್ತ ಮಗು ದೊಡ್ಡವರಿಗಿಂತ ಜಾಸ್ತಿ ಜಿಪುಣ, ಜಾಸ್ತಿ ಕಟ್ಟುನಿಟ್ಟು. ತಂಗಿಗೆ ತುತ್ತು ತಿನ್ನಿಸುವ ಎಂಟು ವರ್ಷದ ಹುಡುಗಿಯನ್ನು ಒಮ್ಮೆ ಗಮನಿಸಿ. ಯಾವ ತಾಯಿಯೂ ಅಷ್ಟು ಗದರುವುದಿಲ್ಲ. ನಾನು ನಗುವುದು ಆ ಮಗುವಿನ ಹಸಿವಿಗಲ್ಲ. ಬಿಟ್ಟು ಹೋದವರ ಜಾಗದಲ್ಲಿ ಅದು ಎಷ್ಟು ನೀಟಾಗಿ ಕೂತಿದೆ ಅನ್ನುವುದಕ್ಕೆ.

ರಜೆ ಅರ್ಜಿಗಳ ಅಧ್ಯಾಯವೂ ಇದೆ. ಅಕ್ಕ ಬರೆದು ಅವ್ವನ ಸಹಿ ಹಾಕುತ್ತಾಳೆ. ಒಂದು ಹೀಗಿದೆ: 'ಮಾನ್ಯ ಅಕ್ಕೋರಿಗೆ, ನನ್ನ ಮಗನಿಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ. ತಾಯಿಯಾದ ನನಗೂ ಜ್ವರ ಬಂದಿರುವುದರಿಂದ ಶಾಲೆಗೆ ಬಂದು ಬೆಟ್ಟಿಯಾಗಲು ಆಗುವುದಿಲ್ಲ. ಜ್ವರ ಬಿಟ್ಟ ಮೇಲೂ ಆಗುವುದಿಲ್ಲ.' ಅಕ್ಕೋರು, ಅಂದರೆ ಶಾಲೆಯ ಟೀಚರ್, 'ಬೆಟ್ಟಿ'ಯನ್ನು ಕೆಂಪು ಪೆನ್ನಿನಲ್ಲಿ 'ಭೇಟಿ' ಅಂತ ತಿದ್ದಿ ವಾಪಸ್ ಕಳಿಸುತ್ತಾರೆ. ಮುಂದಿನ ಅರ್ಜಿಯಲ್ಲಿ ಅವ್ವ ಭೇಟಿಯನ್ನು ಸರಿಯಾಗಿ ಬರೆಯುತ್ತಾಳೆ. ಹೀಗೆ ಅರ್ಜಿಯಿಂದ ಅರ್ಜಿಗೆ ಅವ್ವನ ಕನ್ನಡ ಸುಧಾರಿಸುತ್ತದೆ. ಅಕ್ಕೋರಿಗೆ ವಿಷಯ ಗೊತ್ತಾಗಿದೆಯೋ ಇಲ್ಲವೋ ಅಂತ ನಾನು ಬರೆದಿಲ್ಲ. ತಿದ್ದುವುದನ್ನಂತೂ ಅವರು ನಿಲ್ಲಿಸುವುದಿಲ್ಲ.

ಹೊಟ್ಟೆಯ ಪ್ರಶ್ನೆಯನ್ನು ಊರು ಅಷ್ಟಿಷ್ಟು ನೋಡಿಕೊಳ್ಳುತ್ತದೆ. ಶಾಲೆಯ ಬಿಸಿಯೂಟ ಇದೆ. ಸಣ್ಣವಳಿಗೆ ಅಂಗನವಾಡಿ. ಐತಾರ ಶಾಲೆ ಇಲ್ಲ, ಅವತ್ತು ಸಿದ್ಧಾರೂಢ ಮಠದ ದಾಸೋಹ. ಅಲ್ಲಿ ಯಾರ ಮಕ್ಕಳು ಅಂತ ಕೇಳುವುದಿಲ್ಲ, ತಟ್ಟೆ ಹಿಡಿದವರಿಗೆಲ್ಲ ಹಾಕುತ್ತಾರೆ. ಅವ್ವ ಬರುತ್ತೇನೆ ಅಂದ ವಾರವೂ ಐತಾರವೇ ಆದ್ದರಿಂದ ಊಟ ಮುಗಿಸಿ ಮೂವರೂ ರೈಲ್ವೆ ಸ್ಟೇಶನ್ನಿಗೆ ಹೋಗುತ್ತಾರೆ. ಗೋವಾ ಕಡೆಯಿಂದ ಬರುವ ಗಾಡಿ ಕಾಯಲು. ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದದ್ದು, 1,507 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ನಾವೆಲ್ಲ ಎದೆ ಉಬ್ಬಿಸಿಕೊಂಡೆವು, ನೆನಪಿದೆಯಾ? ಆದರೆ ಅಷ್ಟು ಉದ್ದದಲ್ಲಿ ಅವ್ವ ಯಾವ ಡಬ್ಬಿಯಿಂದ ಇಳಿಯುತ್ತಾಳೆ ಅಂತ ಹೇಗೆ ಗೊತ್ತಾಗಬೇಕು? ತಮ್ಮ ಭಾಗಾಕಾರ ಮಾಡುತ್ತಾನೆ. ಒಬ್ಬೊಬ್ಬರಿಗೆ 500 ಮೀಟರ್. ಉಳಿದದ್ದು 7.

"ಆ ಏಳ ಮೀಟರ್‌ನ್ಯಾಗ ಇಳದ್ಲಂದ್ರ?" ಅನ್ನುತ್ತಾಳೆ ಸಣ್ಣವಳು.

ಅವತ್ತಿನಿಂದ ಅವಳಿಗೆ ಅದೇ ಚಿಂತೆ. ಅವ್ವ ಬರದಿರುವುದಕ್ಕೆ ಆ 7 ಮೀಟರೇ ಕಾರಣ ಅಂತ ಅವಳು ನಂಬಿದ್ದಾಳೆ.

ಹುಡುಕಿಕೊಂಡು ಹೋಗುವ ಪ್ರಯತ್ನವೂ ನಡೆಯುತ್ತದೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತಲ್ಲ, ಅಕ್ಕ-ತಂಗಿಗೆ ಬಸ್ಸು ಪುಕ್ಕಟೆ. ತಮ್ಮನಿಗೆ ಅರ್ಧ ಟಿಕೆಟ್. ಹಾಗಾಗಿ ಅವ್ವನನ್ನು ಹುಡುಕುವ ಸಮಿತಿಯಿಂದ ಗಂಡುಮಗನನ್ನು ಕೈಬಿಡಲಾಗುತ್ತದೆ. ಕಾರಣ, ದುಬಾರಿ. ಆದರೆ ಪುಕ್ಕಟೆ ಇರುವುದು ನಮ್ಮ ರಾಜ್ಯದ ಒಳಗೆ ಮಾತ್ರ, ಗೋವಾಕ್ಕೆ ಹೋಗುವ ಬಸ್ಸಿಗೆ ಅದು ನಡೆಯುವುದಿಲ್ಲ. ಅಕ್ಕ-ತಂಗಿ ಕಾರವಾರದವರೆಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಕೂತು ವಾಪಸ್ ಬರುತ್ತಾರೆ. ಕಂಡಕ್ಟರ್ ಕೊಟ್ಟ ಸೊನ್ನೆಯ ಟಿಕೆಟ್ಟುಗಳನ್ನು ಲೆಕ್ಕದ ಪುಸ್ತಕಕ್ಕೆ ಅಂಟಿಸುತ್ತಾರೆ. ಅವ್ವನ ಖರ್ಚು: 0. ಆ ತಿಂಗಳು ಅವಳು ಸಸ್ತಾ. ಅತ್ತ ಗೃಹಲಕ್ಷ್ಮಿಯ 2,000 ರೂಪಾಯಿ ಯಜಮಾನಿಯ ಬ್ಯಾಂಕ್ ಖಾತೆಗೆ ಬೀಳುತ್ತದೆ. ಯಜಮಾನಿ ಮನೆಯಲ್ಲಿ ಇದ್ದಾಳೋ ಇಲ್ಲವೋ ಬ್ಯಾಂಕಿಗೇನು ಗೊತ್ತು?

ಇಷ್ಟೆಲ್ಲ ಪಡಿಪಾಟಲು ಯಾಕೆ, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿದರೆ ಆಯಿತಲ್ಲ ಅನ್ನಬಹುದು. ನಿಜ ಜೀವನದಲ್ಲಿ ಹೌದು, ಅದನ್ನೇ ಮಾಡಬೇಕು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಾಯ್ದೆ ಚೆನ್ನಾಗಿದೆ. ಆದರೆ ಬಾಲಮಂದಿರ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಅಕ್ಕನಿಗೆ ಇದು ಶಾಲೆಯ ಗೋಡೆಯ ಮೇಲಿನ ಚಿತ್ರದಿಂದ ತಿಳಿದಿದೆ. ತಮ್ಮನನ್ನು ಬೇರೆ ಕಡೆ ಇಡುತ್ತಾರೆ ಅನ್ನುವುದೊಂದೇ ಅವಳಿಗೆ ಕಾಣುವುದು. ಇಂಗ್ಲೆಂಡಿನ ಸಿಮೆಂಟು, ಹುಬ್ಬಳ್ಳಿಯ ಒದ್ದೆ ಸೀರೆ, ಎರಡರ ಹಿಂದೆಯೂ ಇರುವುದು ಈ ಒಂದೇ ಭಯ.

ಅವ್ವ ಕೆಟ್ಟವಳಾ? ಗೆಳೆಯ ಇದನ್ನೂ ಕೇಳಿದ. ಪುಣ್ಯಕೋಟಿ ಹುಲಿಯ ಹತ್ತಿರ ಹೋಗುವ ಮುಂಚೆ ಕರುವನ್ನು ದೊಡ್ಡಿಯ ಹಸುಗಳಿಗೆಲ್ಲ ಒಪ್ಪಿಸಿ ಹೋದವಳು. ನಾವೆಲ್ಲ ಒಂದನೇ ಇಯತ್ತೆಯಿಂದ ಅದನ್ನು ಹಾಡಿಕೊಂಡು ಬೆಳೆದಿದ್ದೇವೆ, ಹಾಗಾಗಿ ಯಾರಿಗೂ ಒಪ್ಪಿಸದೆ ಹೋದ ತಾಯಿಯನ್ನು ಕಂಡರೆ ನಮಗೆ ತಡೆಯುವುದಿಲ್ಲ. ಆದರೆ ನಮ್ಮ ಗದಗ, ಹಾವೇರಿ ಕಡೆಯ ಹಳ್ಳಿ, ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು ಹೊಸದಲ್ಲ. ಗೋವಾ, ಮಂಗಳೂರು, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿ. ಮಕ್ಕಳು ಅಜ್ಜಿಯ ಹತ್ತಿರ. ದುಡಿಯಲು ಹೋದದ್ದಕ್ಕೂ ಬಿಟ್ಟು ಹೋದದ್ದಕ್ಕೂ ನಡುವೆ ಇರುವುದು ವಾರಕ್ಕೊಂದು ಫೋನು. ಅದು ಬರುತ್ತಿರುವ ತನಕ ಗುಳೆ. ಎಂದು ನಿಂತಿತು, ಯಾಕೆ ನಿಂತಿತು, ಯಾರಿಗೆ ಗೊತ್ತು? ನನ್ನ ಕಥೆಯ ಅವ್ವ ಯಾವ ಕಡೆಯವಳು ಅಂತ ನಾನು ತೀರ್ಮಾನ ಮಾಡಿಲ್ಲ. ಮಾಡುವುದೂ ಇಲ್ಲ. ಮಕ್ಕಳಿಗೆ ಗೊತ್ತಿಲ್ಲದ್ದು ಪುಸ್ತಕಕ್ಕೆ ಯಾಕೆ ಗೊತ್ತಿರಬೇಕು?

ನಗುವಿನ ವಿಷಯಕ್ಕೆ ವಾಪಸ್ ಬಂದರೆ, ಇದು ಪರದೇಶದಿಂದ ತಂದ ಚಟ ಅಂತ ಗೆಳೆಯ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮದು ಕಂಪನಿ ನಾಟಕದ ನಾಡು. ಒಂದು ಸೀನಿನಲ್ಲಿ ತಾಯಿ ಎದೆ ಬಡಿದುಕೊಂಡು ಸಾಯುತ್ತಾಳೆ, ಪರದೆ ಬೀಳುತ್ತದೆ, ಮುಂದಿನ ಸೀನಿಗೆ ಹಾಸ್ಯದವನು ಲುಂಗಿ ಎತ್ತಿ ಕಟ್ಟಿಕೊಂಡು ಬರುತ್ತಾನೆ. ಕಣ್ಣೀರು ಒಣಗುವ ಮೊದಲೇ ಜನ ಬಿದ್ದು ಬಿದ್ದು ನಗುತ್ತಾರೆ. ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆ ಅನ್ನಕ್ಕೆ ದುಡ್ಡು ಬೇಕಲ್ಲ? ನಾಟಕ ಕಂಪನಿ ಕಟ್ಟಿದರು, ಊರೂರಿಗೆ ಹೋಗಿ ಆಡಿದರು. ತಮಗೇ ಮನೆ ಇಲ್ಲದವರು ರಂಗದ ಮೇಲೆ ಅಪ್ಪ, ಅವ್ವ, ರಾಜ ಆಗಿ ನಿಂತು ಊಟ ಸಂಪಾದಿಸಿದರು. ನನ್ನ ಕಥೆಯ ಅಕ್ಕ ಮಾಡುತ್ತಿರುವುದೂ ಅದೇ ಕೆಲಸ. ಅವಳಿಗೆ ಟಿಕೆಟ್ ಮಾರುವ ಸವಲತ್ತು ಇಲ್ಲ, ಅಷ್ಟೇ.

ಈಗ ಕೊನೆಯ ಅಧ್ಯಾಯದ ಜಗಳ. 2025ರ ಸೆಪ್ಟೆಂಬರ್ 22ಕ್ಕೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, 60 ಪ್ರಶ್ನೆಗಳದ್ದು, ಅದನ್ನು ನಾನು ಕಥೆಯೊಳಗೆ ತಂದಿದ್ದೇನೆ. ಗಣತಿಗೆ ಮನೆ ಮನೆ ತಿರುಗಿದವರು ಶಾಲೆಯ ಶಿಕ್ಷಕರು. ಕೆಲಸ ಮುಗಿಯಲಿಲ್ಲ ಅಂತ ಸರ್ಕಾರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿತು. ಎಲ್ಲ ಮಕ್ಕಳು ಕುಣಿದಾಡಿದರು. ನನ್ನ ಮೂವರು ಮಾತ್ರ ಕ್ಯಾಲೆಂಡರ್ ನೋಡಿ ಮುಖ ಸಣ್ಣದು ಮಾಡಿಕೊಂಡರು. ರಜೆ ಅಂದರೆ ಬಿಸಿಯೂಟ ಇಲ್ಲ. ಅವ್ವನ ಖರ್ಚು ಪೂರ್ತಿ ಬಂದ್ ಮಾಡಿ, ಸೀರೆಗೆ ಸಬಕಾರ ಹಾಕದೆ ಬರೀ ನೀರಿನಲ್ಲಿ ಅದ್ದುವ ಹೊತ್ತಿಗೆ ಬಾಗಿಲು ಬಡಿಯುತ್ತದೆ. ಅಕ್ಕೋರು. ಕೈಯಲ್ಲಿ ಮೊಬೈಲು, ಹೆಗಲಲ್ಲಿ ಚೀಲ.

"ನಿಮ್ಮವ್ವನ್ನ ಕರಿ."

"ಒಳಗ ಮಲಗ್ಯಾಳ್ರೀ ಅಕ್ಕೋರ."

ಅಕ್ಕೋರು ಒಳಗೆ ನೋಡುವುದಿಲ್ಲ. ಒಂದೇ ಖೋಲಿ, ನೋಡಿದರೆ ಕಂಡೇ ಬಿಡುತ್ತದೆ. ಹೊಸ್ತಿಲ ಮೇಲೆ ಕೂತು ಆ್ಯಪ್ ತೆರೆಯುತ್ತಾರೆ. ಮನೆಯ ಮುಖ್ಯಸ್ಥರ ಹೆಸರು ಹಾಕುತ್ತಾರೆ. ಆಧಾರ್‌ಗೆ ಜೋಡಿಸಿದ ಫೋನಿಗೆ ಓಟಿಪಿ ಹೋಗುತ್ತದೆ. ಫೋನ್ ಅವ್ವನ ಹತ್ತಿರ ಇದೆ, ಅವ್ವ ಎಲ್ಲಿದ್ದಾಳೋ. ಅಕ್ಕೋರು ಆ ನಂಬರಿಗೆ ಕಾಲ್ ಮಾಡುತ್ತಾರೆ. ಎರಡನೇ ರಿಂಗಿಗೆ ಒಬ್ಬ ಹೆಂಗಸು ಎತ್ತುತ್ತಾಳೆ. 'ಸಮೀಕ್ಷೆದವರ್ರಿ, ಓಟಿಪಿ ಬಂದೈತೇನು ನೋಡ್ರಿ' ಅಂದರೆ ಅಂಕಿಗಳನ್ನು ಒಂದೊಂದಾಗಿ, ಸರಿಯಾಗಿ ಹೇಳಿ ಇಟ್ಟುಬಿಡುತ್ತಾಳೆ. ಮಕ್ಕಳನ್ನು ಕೇಳುವುದಿಲ್ಲ.

ಗೆಳೆಯ ಇಲ್ಲಿ ಪುಟಗಳನ್ನು ಮೇಜಿನ ಮೇಲೆ ಕುಕ್ಕಿದ. "ಯಾವ ತಾಯಿ ಹಂಗ ಮಾಡ್ತಾಳಲೇ? ಅಕಿ ಕಡಿಂದ ಒಂದ ಮಾತರೆ ಆಡಸು." ನಾನು ಆಡಿಸಲಿಲ್ಲ. ಕೇಳಿದರೆ ಬರಬೇಕಾಗುತ್ತದೆ ಅಂತ ಅವಳು ಸುಮ್ಮನಾದಳೋ, ಅಳು ಬಂದು ಇಟ್ಟಳೋ, ಇನ್ನಾರದೋ ಕೈಯಲ್ಲಿ ಫೋನ್ ಇತ್ತೋ, ಓದುವವರು ಏನಾದರೂ ಅಂದುಕೊಳ್ಳಲಿ. ಮಕ್ಕಳ ನೋಟ್‌ಬುಕ್ಕಿನಲ್ಲಿ ಅಂಕಿಗಳು ಮಾತ್ರ ಬರೆದಿವೆ. ಅಲ್ಲಿಗೆ ಕಥೆ ನಿಲ್ಲಿಸಿಬಿಡು, ಅಕ್ಕೋರ ಕಡೆಯಿಂದ 1098ಕ್ಕೆ ಫೋನ್ ಮಾಡಿಸು ಅಂತಲೂ ಅವನು ಹೇಳಿದ. ಅದನ್ನು ಇನ್ನೂ ಯೋಚಿಸುತ್ತಿದ್ದೇನೆ. ಅಕ್ಕೋರು ಮಾಡುವಂಥವರೇ. ಆದರೆ ಅದಕ್ಕೆ ಮೊದಲು ಫಾರ್ಮ್ ಮುಗಿಸಬೇಕಲ್ಲ?

"ಮನ್ಯಾಗ ಒಟ್ಟ ಎಷ್ಟ ಮಂದಿ ಇದ್ದೀರಿ?"

"ನಾಕ ಮಂದಿರಿ," ಅನ್ನುತ್ತಾನೆ ತಮ್ಮ.

ಅಕ್ಕೋರು ಸುತ್ತ ನೋಡುತ್ತಾರೆ. ಮೂವರು.

"ಅವ್ವನ್ನ ಸೇರಿಸಿ ನಾಕರಿ. ಅಕಿ ಖರ್ಚ ನಾವ ನೋಡ್ಕೊಳ್ಳಾಕತ್ತೇವಿ."

ಅಕ್ಕೋರು 4 ಅಂತ ಒತ್ತುತ್ತಾರೆ. ಮುಂದಿನ ಪ್ರಶ್ನೆ, ಮನೆಯಲ್ಲಿ ಕುರಿ, ಕೋಳಿ ಎಷ್ಟಿವೆ ಅಂತ.